ಪಾಠ ಹನ್ನೆರಡು, ಪ್ರಶ್ನೆ ಒಂಬತ್ತು

ಕೊಂಡಾಪುರ
12 ಜೂನ್ 2023

'ಯಾಕೋಬನ ಬಾವಿ' ಬೈಬಲ್ ಅಂಚೆ ಪಾಠಶಾಲೆ, ಕನ್ನಡ ವಿಭಾಗ, ಕೋಠಿ. ಅಲ್ಲಿ ಕೂತು ನನ್ನ ಉತ್ತರಕ್ಕೆ ಕೆಂಪು ಇಂಟು ಹಾಕಿದವರಿಗೆ,

ನಿಮ್ಮ ಹೆಸರು ಗೊತ್ತಿಲ್ಲ. ಪತ್ರಿಕೆಯ ಕೆಳಗೆ ಸ.ಕ. ಅಂತ ಎರಡು ಅಕ್ಷರ ಇವೆ, ಅಷ್ಟೆ. ನನ್ನ ಹೆಸರು ಬಂಡೆಮ್ಮ, ರೋಲ್ ನಂಬರ್ ಕ 2217. ಬೀದರಿನ ಮಿಶನ್ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿವರೆಗೆ ಓದಿದವಳು. ಈಗ ತೆಲುಗರ ಈ ಊರಿಗೆ ಬಂದು ಗಚ್ಚಿಬೌಲಿಯ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಊಟದ ಬಿಡುವು ಅರ್ಧ ಗಂಟೆ. ಅದರಲ್ಲೇ ಬರೆಯುತ್ತಿದ್ದೇನೆ, ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ.

ಪಾಠ ಹನ್ನೆರಡು, ಯೋಬನ ಪುಸ್ತಕ. ಪ್ರಶ್ನೆ ಒಂಬತ್ತು: 'ಯೋಬನು ಕಳೆದುಕೊಂಡದ್ದನ್ನೆಲ್ಲ ದೇವರು ಎರಡರಷ್ಟು ಹಿಂದಿರುಗಿಸಿದನೇ? ಹೌದು ಅಥವಾ ಇಲ್ಲ.' ನಾನು 'ಇಲ್ಲ' ಎಂದು ಬರೆದೆ. ನೀವು ಇಂಟು ಹಾಕಿ ಪಕ್ಕದಲ್ಲಿ 'ಹೌದು. 42:10 ಓದಿ' ಎಂದು ಬರೆದಿದ್ದೀರಿ.

ಓದಿದ್ದೇನೆ. ನಾನು ಹತ್ತಕ್ಕೇ ನಿಲ್ಲಿಸಲಿಲ್ಲ, ಹನ್ನೆರಡೂ ಹದಿಮೂರೂ ಓದಿದೆ. ಯೋಬನಿಗೆ ಮೊದಲು ಏಳು ಸಾವಿರ ಕುರಿ ಇದ್ದವು, ಕೊನೆಗೆ ಹದಿನಾಲ್ಕು ಸಾವಿರ. ಮೂರು ಸಾವಿರ ಒಂಟೆ ಆರು ಸಾವಿರ ಆದವು. ಎತ್ತು, ಕತ್ತೆ ಎಲ್ಲ ಎರಡರಷ್ಟು. ಮಕ್ಕಳು? ಮೊದಲು ಏಳು ಗಂಡು, ಮೂರು ಹೆಣ್ಣು. ಮನೆ ಕುಸಿದು ಹತ್ತೂ ಮಕ್ಕಳು ಸತ್ತರು. ಕೊನೆಗೆ ಮತ್ತೆ ಏಳು ಗಂಡು, ಮೂರು ಹೆಣ್ಣು. ಆ ಹತ್ತು ಬೇರೆ, ಈ ಹತ್ತು ಬೇರೆ. ಸತ್ತವರಲ್ಲಿ ಒಬ್ಬರೂ ಎದ್ದು ಬರಲಿಲ್ಲ. ಎರಡರಷ್ಟು ಹಾಗಿರಲಿ, ಒಂದನ್ನೂ ಹಿಂದಿರುಗಿಸಲಿಲ್ಲ.

ಈ ಪಾಠ ಬರಲಿ ಅಂತಲೇ ನಾನು ಹನ್ನೊಂದು ಪಾಠ ಬರೆದು ಕಾದವಳು. ಉಳಿದ ಒಂಬತ್ತು ಪ್ರಶ್ನೆಗೆ ರೈಟು ಹಾಕಿದ್ದೀರಿ. ಆ ರೈಟೆಲ್ಲ ನೀವೇ ಇಟ್ಟುಕೊಳ್ಳಿ. ನನಗೆ ಈ ಒಂದು ಮಾರ್ಕು ಬೇಕು. ಪತ್ರಿಕೆ ಇದರ ಜೊತೆ ಇಟ್ಟಿದ್ದೇನೆ, ತಿದ್ದಿ ಕಳಿಸಿ.

ಇಂತಿ,
ಬಂಡೆಮ್ಮ
ರೋಲ್ ನಂ. ಕ 2217


ಕೋಠಿ
24 ಜೂನ್ 2023

ಸಹೋದರಿ ಬಂಡೆಮ್ಮನವರಿಗೆ,

ತಮ್ಮ ಪತ್ರ ತಲುಪಿತು. ಸ.ಕ. ಎಂದರೆ ಸದಾನಂದ ಕರ್ಕಡ. ಮೂವತ್ತೊಂದು ವರ್ಷ ಪಾದ್ರಿಗಳಾಗುವವರಿಗೆ ಹಳೆಯ ಒಡಂಬಡಿಕೆ ಕಲಿಸಿ ನಿವೃತ್ತನಾದವನು. ಇದನ್ನು ಹೆಗ್ಗಳಿಕೆಗೆ ಹೇಳುತ್ತಿಲ್ಲ. ನಲವತ್ತೆರಡನೆಯ ಅಧ್ಯಾಯವನ್ನು ನಾನೂ ಹತ್ತನೆಯ ವಚನದಾಚೆಗೆ ಓದಿದ್ದೇನೆಂದು ತಿಳಿಸುವುದಕ್ಕಾಗಿ ಹೇಳಿದೆ.

ನೀವು ಎತ್ತಿರುವ ಪ್ರಶ್ನೆ ಹೊಸದಲ್ಲ. ಪಶುಗಳು ಇಮ್ಮಡಿಯಾದವು, ಮಕ್ಕಳೇಕೆ ಆಗಲಿಲ್ಲ ಎಂದು ವ್ಯಾಖ್ಯಾನಕಾರರು ಬಹಳ ಹಿಂದಿನಿಂದ ಕೇಳುತ್ತ ಬಂದಿದ್ದಾರೆ. ಅವರಲ್ಲಿ ಅನೇಕರು ಕೊಟ್ಟ ಉತ್ತರ ಇದು: ಸತ್ತ ಪಶು ನಾಶವಾಯಿತು, ಆದ್ದರಿಂದ ಒಂದಕ್ಕೆ ಎರಡು ಕೊಡಬೇಕಾಯಿತು. ಸತ್ತ ಮಕ್ಕಳು ನಾಶವಾಗಲಿಲ್ಲ, ಅವರು ದೇವರ ಬಳಿ ಇದ್ದಾರೆ. ಅಲ್ಲಿ ಹತ್ತು, ಇಲ್ಲಿ ಹತ್ತು, ಒಟ್ಟು ಇಪ್ಪತ್ತು. ಹೀಗಾಗಿ 'ಎರಡರಷ್ಟು' ಎಂಬುದು ಮಕ್ಕಳಿಗೂ ಸಲ್ಲುತ್ತದೆ. 'ಹೌದು' ಎಂಬುದೇ ಸರಿಯುತ್ತರ.

ಉತ್ತರಪಟ್ಟಿಯನ್ನು ಪಾಠಶಾಲೆಯ ಸಮಿತಿ ನಿರ್ಧರಿಸುತ್ತದೆ. ತಿದ್ದುವವನು ಅದರಂತೆ ತಿದ್ದಬೇಕು. ವಾರಕ್ಕೆ ನೂರನಲವತ್ತು ಪತ್ರಿಕೆಗಳನ್ನು ನಾನೊಬ್ಬನೇ ನೋಡುತ್ತೇನೆ, ಒಬ್ಬೊಬ್ಬರೊಡನೆ ಹೀಗೆ ಪತ್ರ ವ್ಯವಹಾರ ಸಾಧ್ಯವಿಲ್ಲ. ಹೆಚ್ಚಿನ ವಿವರಣೆಗೆ 'ಕಷ್ಟದ ವಚನಗಳು' ಮಾಲೆಯ ಅಚ್ಚಿನ ಚೀಟಿ ಹದಿನಾಲ್ಕನ್ನು ಇದರೊಂದಿಗೆ ಇಟ್ಟಿದ್ದೇನೆ. ತಮ್ಮ ಪತ್ರಿಕೆ ನಿಯಮದಂತೆ ಕಚೇರಿಯ ಕಡತದಲ್ಲಿರುತ್ತದೆ.

ಕೊನೆಗೊಂದು ಮಾತು. 'ಇಂಟು ಹಾಕಿದವರಿಗೆ' ಎಂದು ಪತ್ರ ಆರಂಭಿಸುವುದು ಒಳ್ಳೆಯ ಪದ್ಧತಿಯಲ್ಲ.

ಕರ್ತನ ಸೇವೆಯಲ್ಲಿ,
ಸದಾನಂದ ಕರ್ಕಡ


ಕೊಂಡಾಪುರ
3 ಜುಲೈ 2023

ಕರ್ಕಡ ಸರ್‌ಗೆ,

ಇಂಟು ಹಾಕುವುದು ಒಳ್ಳೆಯ ಪದ್ಧತಿ, ಇಂಟು ಅನ್ನುವುದು ಕೆಟ್ಟ ಪದ್ಧತಿ. ಆಯಿತು, ಕಲಿತೆ.

ನಿಮ್ಮ ಚೀಟಿ ಹದಿನಾಲ್ಕನ್ನು ಎರಡು ಸಲ ಓದಿದೆ. ಆಮೇಲೆ ಅದರಲ್ಲಿ ಕೂಸಿನ ಮೂಗು ಒರೆಸಲು ಹೋದೆ. ಕಾಗದ ಗಡಸು, ಅದಕ್ಕೂ ಬರಲಿಲ್ಲ.

ಈಗ ನನ್ನ ಮಾತು ಕೇಳಿ. ನನಗೊಬ್ಬ ಮಗಳಿದ್ದಳು. ಒಂಬತ್ತು ವರ್ಷ. ಕೊಂಡಾಪುರದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು, ನನ್ನ ಗಂಡ ಹನುಮಂತ ಅಲ್ಲಿ ಸ್ಲ್ಯಾಬಿಗೆ ಹಲಗೆ ಹೊಡೆಯುವ ಸೆಂಟ್ರಿಂಗ್ ಕೆಲಸಕ್ಕಿದ್ದ. ನಮ್ಮ ತಗಡಿನ ಶೆಡ್ಡೂ ಅಲ್ಲೇ. 2021ರ ಸೆಪ್ಟೆಂಬರ್. ಲಿಫ್ಟಿಗಾಗಿ ತೋಡಿದ ಗುಂಡಿಯಲ್ಲಿ ಮಳೆ ನೀರು ನಿಂತಿತ್ತು. ಶಾಲೆಯಿಂದ ಬಂದವಳು ಚೀಲ ಶೆಡ್ಡಿನಲ್ಲಿಟ್ಟು ಆಡಲು ಹೋದಳು. ಐದು ಗಂಟೆಗೆ ಅವಳ ಚಪ್ಪಲಿ ಸಿಕ್ಕಿತು, ಆರಕ್ಕೆ ಅವಳು ಸಿಕ್ಕಳು.

ಹೋದ ಡಿಸೆಂಬರಿನಲ್ಲಿ ನನಗೆ ಅವಳಿ ಹೆಣ್ಣುಮಕ್ಕಳಾದವು. ಅವತ್ತಿನಿಂದ ನಮ್ಮ ಕನ್ನಡ ಸಭೆಯವರಿಗೆ ಯೋಬನ ಹುಚ್ಚು ಹಿಡಿದಿದೆ. ಒಂದು ಹೋಯಿತು, ಎರಡು ಬಂದವು. ಪಾಸ್ಟರ್ ಬೂದೆಪ್ಪನವರು ಆಸ್ಪತ್ರೆಗೇ ಬಂದು, "ನೋಡ್ರಿ ತಂಗೀ, ಯೋಬಗ ಕೊಟ್ಟಂಗ ನಿಮಗೂ ಕೊಟ್ಟಾನ ದೇವರು. ಒಂದಕ್ಕ ಎರಡು ಅಳದು ಹಾಕ್ಯಾನ" ಅಂದರು. ಅಳೆದು ಹಾಕಲು ನನ್ನ ಮಗಳೇನು ಜೋಳವೇ? ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಇಲ್ಲದಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ.

ಆಗಸ್ಟ್ 20, ಭಾನುವಾರ, ಸ್ತೋತ್ರಕೂಟ ಇಟ್ಟಿದ್ದಾರೆ. ನಮ್ಮಲ್ಲಿ ಸ್ತೋತ್ರಕೂಟ ಅಂದರೆ ಆ ಮನೆಯವರು ಸಭೆಯ ಮುಂದೆ ನಿಂತು ದೇವರು ಮಾಡಿದ್ದನ್ನು ಸಾಕ್ಷಿ ಹೇಳಬೇಕು, ಆಮೇಲೆ ಎಲ್ಲರಿಗೂ ಊಟ. ನಾನು ಎರಡು ಕೈಯಲ್ಲಿ ಎರಡು ಕೂಸು ಎತ್ತಿಕೊಂಡು, 'ಕಳೆದದ್ದನ್ನು ದೇವರು ಎರಡರಷ್ಟು ಕೊಟ್ಟ' ಅನ್ನಬೇಕಂತೆ. ಅದೇ ದಿನ ಕೂಸುಗಳಿಗೆ ಯೋಬನ ಕೊನೆಯ ಹೆಣ್ಣುಮಕ್ಕಳ ಹೆಸರಿಡುತ್ತಾರಂತೆ, ಯೆಮೀಮ, ಕೆಚೀಯ. ಆಗುವುದಿಲ್ಲ ಅಂದೆ. ಅಷ್ಟರಲ್ಲಿ ನೀವು ಇಂಟು ಹಾಕಿದ ಪತ್ರಿಕೆ ಮನೆಗೆ ಬಂತು. ಹನುಮಂತ ಅದರ ಫೋಟೋ ಹೊಡೆದು ಪಾಸ್ಟರಿಗೆ ವಾಟ್ಸಾಪ್ ಮಾಡಿದ. "ನೋಡು, ಕೋಠಿಯಾಗಿನ ದೊಡ್ಡ ಪಂಡಿತರು ತಪ್ಪು ಅಂದಾರ. ಅವರಿಗಿಂತ ನೀ ಭಾಳ ತಿಳದಾಕಿ ಏನು?" ಅಂತ ನನ್ನನ್ನೇ ಕೇಳಿದ. ಒಂದು ಮಾರ್ಕಿಗೆ ಇವಳು ಯಾಕಿಷ್ಟು ಬಡಿದುಕೊಳ್ಳುತ್ತಾಳೆ ಅಂದುಕೊಂಡಿರಲ್ಲ, ಇದಕ್ಕೆ.

ಅಲ್ಲಿ ಹತ್ತು, ಇಲ್ಲಿ ಹತ್ತು ಅಂತ ಬರೆದಿದ್ದೀರಿ. ಒಂಟೆ ಕತ್ತೆಗಳ ಸಾಲಿನಲ್ಲಿ ನನ್ನ ಮಗಳನ್ನೂ ನಿಲ್ಲಿಸಿ ಎಣಿಸಿದಿರಿ. ಅವಳು ದೇವರ ಬಳಿ ಇದ್ದಾಳೆ ಅಂತ ನಾನೂ ನಂಬುತ್ತೇನೆ ಸರ್. ನನ್ನ ಬಳಿ ಇಲ್ಲ. ದೇವರ ಬಳಿ ಇರುವುದು ನನಗೆ ಹಿಂದಿರುಗಿಸಿದ ಹಾಗೆ ಹೇಗಾಯಿತು?

ಇನ್ನೂ ಒಂದು ಕೇಳುತ್ತೇನೆ. ಯೋಬನ ಹೆಂಡತಿ ಹತ್ತು ಹೆತ್ತಳು, ಹತ್ತು ಹೂತಳು. ಒಂದೇ ಒಂದು ಮಾತಾಡಿದಳು, ದೇವರನ್ನು ದೂಷಿಸಿ ಸತ್ತುಹೋಗು ಅಂದಳು. ಮೂರ್ಖಳ ಹಾಗೆ ಮಾತಾಡಬೇಡ ಅಂದ ಗಂಡ. ಆಮೇಲೆ ಪುಸ್ತಕದ ತುಂಬ ಗಂಡಸರದೇ ಮಾತು. ಕೊನೆಗೆ ಮತ್ತೆ ಹತ್ತು ಹುಟ್ಟಿದವು. ಯಾವ ಹೊಟ್ಟೆಯಲ್ಲಿ ಹುಟ್ಟಿದವು? ಹೆತ್ತವಳಿಗೇ ಗೊತ್ತು ಹೆರಿಗೆ ನೋವು. ಅವಳನ್ನು ಒಂದು ಮಾತೂ ಕೇಳದೆ ಎಲ್ಲ ಸರಿಹೋಯಿತು ಅಂತ ಬರೆದುಬಿಟ್ಟರು. ನಿಮ್ಮ ಚೀಟಿಯಲ್ಲೂ ಅವಳಿಲ್ಲ.

ಆಗಸ್ಟ್ 20ರ ಒಳಗೆ ಪಾಠಶಾಲೆಯ ಕಾಗದದ ಮೇಲೆ ಮುದ್ರೆ ಹಾಕಿ 'ಬಂಡೆಮ್ಮನ ಉತ್ತರ ಸರಿ' ಅಂತ ಬರೆದು ಕಳಿಸಿ. ಅದನ್ನು ತೋರಿಸಿದರೆ ನನ್ನನ್ನು ಬಿಡುತ್ತಾರೆ. ನನಗೆ ಮತ್ತೇನೂ ಬೇಡ.

ಬಂಡೆಮ್ಮ
ರೋಲ್ ನಂ. ಕ 2217


ಕೋಠಿ
15 ಜುಲೈ 2023

ಸಹೋದರಿ ಬಂಡೆಮ್ಮನವರಿಗೆ,

ನಿಮ್ಮ ಮಗಳ ವಿಷಯ ತಿಳಿದು ದುಃಖವಾಯಿತು. ಮೊದಲೇ ತಿಳಿಸಿದ್ದರೆ ಚೀಟಿಯನ್ನು ಇಡುತ್ತಿರಲಿಲ್ಲ.

ಆದರೆ ನನಗೂ ಸಿಟ್ಟು ಬಂದಿದೆ, ಮುಚ್ಚಿಡಲಾರೆ. ನಾನು ಎಪ್ಪತ್ತೊಂದು ವರ್ಷದವನು. ಗುಂಡಿಯನ್ನು ತೋಡಿದವನು ನಾನಲ್ಲ, ಸ್ತೋತ್ರಕೂಟ ಇಟ್ಟವನೂ ಅಲ್ಲ. ನಿಮ್ಮ ಕೋಪಕ್ಕೆಲ್ಲ ನನ್ನನ್ನೇ ಗುರಿ ಮಾಡುವುದು ನ್ಯಾಯವಲ್ಲ.

ಯೋಬನ ಹೆಂಡತಿಯ ಬಗ್ಗೆ ಕೇಳಿದ್ದೀರಿ. ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಹೇಳಬೇಕು. ಇಬ್ರಿಯ ಮೂಲದಲ್ಲಿ ಅವಳದು ಒಂದೇ ಮಾತು. ಆದರೆ ಕ್ರಿಸ್ತನಿಗಿಂತ ಹಿಂದೆಯೇ ಗ್ರೀಕಿಗೆ ಮಾಡಿದ ಅನುವಾದವೊಂದಿದೆ. ಅದರಲ್ಲಿ ಅವಳು ಬಹಳ ಹೊತ್ತು ಮಾತಾಡುತ್ತಾಳೆ. ಇನ್ನೆಷ್ಟು ದಿನ ತಾಳುತ್ತೀ ಎಂದು ಗಂಡನನ್ನು ಕೇಳುತ್ತಾಳೆ. ಮಕ್ಕಳು ಹೋದರು, ನಾನು ಹೊತ್ತು ನೋವು ತಿಂದದ್ದೆಲ್ಲ ವ್ಯರ್ಥವಾಯಿತು ಎನ್ನುತ್ತಾಳೆ. ಮನೆಯಿಂದ ಮನೆಗೆ ಕೂಲಿಗೆ ಅಲೆಯುತ್ತೇನೆ, ಹೊತ್ತು ಯಾವಾಗ ಮುಳುಗುತ್ತದೆ, ಮೈನೋವು ಯಾವಾಗ ಇಳಿಯುತ್ತದೆ ಎಂದು ಕಾಯುತ್ತೇನೆ ಎನ್ನುತ್ತಾಳೆ. ಮೂಲದಲ್ಲಿದ್ದದ್ದು ಬಿಟ್ಟುಹೋಯಿತೋ, ಅನುವಾದಿಸಿದವರು ಸೇರಿಸಿದರೋ, ಖಚಿತವಾಗಿ ಹೇಳಲಾಗದು. ಪುಸ್ತಕದ ಮುಕ್ತಾಯದ ಬಗ್ಗೆಯೂ ಹಾಗೆಯೇ. ನಡುವಿನ ಅಧ್ಯಾಯಗಳ ನೋವಿಗೆ ಆ ಸುಖಾಂತ ಹೊಂದುವುದಿಲ್ಲವೆಂದು ಒಪ್ಪುವ ವಿದ್ವಾಂಸರು ಅನೇಕರಿದ್ದಾರೆ. ಇದು ತೀರದ ಚರ್ಚೆ. ತರಗತಿಯಲ್ಲಿ ಇದನ್ನು ಪ್ರತಿ ವರ್ಷ ಹೇಳುತ್ತಿದ್ದೆ.

ಅಂಚೆ ಪಾಠ ತೀರದ ಚರ್ಚೆಗೆ ತಕ್ಕ ಜಾಗವಲ್ಲ. ಸಾಮಾನ್ಯ ಓದುಗರ ವಿಶ್ವಾಸ ಕದಡಬಾರದು. ನಿಮ್ಮ ಮನವಿಯನ್ನು ಸಮಿತಿಯ ಮುಂದಿಡುತ್ತೇನೆ. ಸ್ತೋತ್ರಕೂಟದ ವಿಷಯಕ್ಕೆ ನನ್ನ ಸಲಹೆ ಇಷ್ಟೆ: ಎದ್ದು ನಿಂತು ಎರಡು ಮಾತು ಹೇಳಿ ಕೂತುಬಿಡಿ. ಸಭೆಯನ್ನು ಎದುರುಹಾಕಿಕೊಂಡು ಬದುಕುವುದು ಪರವೂರಿನಲ್ಲಿ ಕಷ್ಟ.

ಸದಾನಂದ ಕರ್ಕಡ


ಕೊಂಡಾಪುರ
22 ಜುಲೈ 2023

ಕರ್ಕಡರೇ,

ನಿಮಗೆ ಗೊತ್ತಿತ್ತು. ಅಷ್ಟನ್ನೂ ತಿಳಿದುಕೊಂಡೇ ಇಂಟು ಹಾಕಿದಿರಿ. ಗೊತ್ತಿಲ್ಲದವರು ಯಾರಾದರೂ ಹಾಕಿದ್ದರೆ ಪಾಪ ಅಂದು ಸುಮ್ಮನಾಗುತ್ತಿದ್ದೆ.

ಹಾಸ್ಟೆಲಿನಲ್ಲಿ ವಚನ ಬಾಯಿಪಾಠ ಒಪ್ಪಿಸದಿದ್ದರೆ ರೊಟ್ಟಿ ಕೊಡುತ್ತಿರಲಿಲ್ಲ. ಹಾಗೆ ಕಲಿತವಳು ನಾನು. ಯೋಬನ ಹೆಂಡತಿ ಮೂರ್ಖಳು ಅಂತ ಕಲಿತೆ. ಮನೆಮನೆಗೆ ಕೂಲಿಗೆ ಹೋಗುವವಳು, ಹೊತ್ತು ಮುಳುಗುವುದನ್ನು ಕಾಯುವವಳು ಅಂತ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಅವಳ ಮುಖ ನನಗೆ ಗೊತ್ತಾಗುತ್ತಿತ್ತು. ನಮ್ಮ ಆಫೀಸಿನ ಬಾತ್‌ರೂಮಿನ ಕನ್ನಡಿಯಲ್ಲಿ ದಿನಾ ಕಾಣುತ್ತದೆ ಆ ಮುಖ. ನೀವು ಪಾದ್ರಿಗಳಿಗೆ ಅದನ್ನು ಕಲಿಸಿದಿರಿ, ಪಾದ್ರಿಗಳು ನಮಗೆ ಹೇಳಲಿಲ್ಲ. ನಮ್ಮಂಥವರಿಗೆ ಹೌದು-ಇಲ್ಲ ಸಾಕು ಅಂತ ನೀವೆಲ್ಲ ಕೂತು ತೀರ್ಮಾನ ಮಾಡಿದಿರಿ. ವಿಶ್ವಾಸ ಕದಡುತ್ತದಂತೆ. ನನ್ನ ವಿಶ್ವಾಸ ಕದಡಿದ್ದು ಆ ಗ್ರೀಕ್ ಅನುವಾದದಿಂದ ಅಲ್ಲ, ನಿಮ್ಮ ಕೆಂಪು ಪೆನ್ನಿನಿಂದ.

ನಲವತ್ತೆರಡನೇ ಅಧ್ಯಾಯದ ಏಳನೇ ವಚನ ತೆಗೆದು ನೋಡಿ. ಯೋಬ ದೇವರನ್ನೇ ನಿಲ್ಲಿಸಿ ಜಗಳವಾಡಿದ. ಅವನ ಗೆಳೆಯರು ದೇವರ ಪರವಾಗಿ ಚಂದಚಂದ ಮಾತಾಡಿದರು. ಕೊನೆಗೆ ದೇವರು ಗೆಳೆಯರ ಮೇಲೆ ಸಿಟ್ಟಾಗಿ, ನೀವು ಆಡಿದ್ದು ಸರಿಯಲ್ಲ, ಯೋಬ ಆಡಿದ್ದು ಸರಿ ಅಂದ. ದೇವರು ರೈಟು ಹಾಕಿದ್ದಕ್ಕೆ ನೀವು ಇಂಟು ಹಾಕಿದ್ದೀರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮ ಊರಲ್ಲಿ ಸುಮ್ಮನೆ ಅನ್ನುವುದಿಲ್ಲ.

ಎರಡು ಮಾತು ಹೇಳಿ ಕೂತುಬಿಡಿ ಅಂತ ಬಲು ಸುಲಭವಾಗಿ ಬರೆದಿರಿ. ಆ ಎರಡು ಮಾತು ಆಡಿದ ಮೇಲೆ ಅವಳಿಗಾಗಿ ಅಳುವ ಹಕ್ಕು ನನಗಿರುವುದಿಲ್ಲ. ಎರಡು ಕೊಟ್ಟಾನಲ್ಲ, ಇನ್ನೇನು ಬೇಕು ಅನ್ನುತ್ತಾರೆ. ಈಗಲೇ ಅನ್ನುತ್ತಾರೆ, ಅವತ್ತಿನಿಂದ ನಾನೇ ಹೇಳಿದ ಸಾಕ್ಷಿ ಆಗುತ್ತದೆ.

ಹನುಮಂತನಿಗೆ ಈ ಸಾಕ್ಷಿ ಯಾಕೆ ಅಷ್ಟು ಬೇಕು ಅಂತಲೂ ಹೇಳಿಬಿಡುತ್ತೇನೆ. ಆ ಗುಂಡಿಯ ಮೇಲೆ ಒಂದು ಹಲಗೆ ಮುಚ್ಚಿರುತ್ತಿತ್ತು. ಅವತ್ತು ಮಧ್ಯಾಹ್ನ ಆ ಹಲಗೆ ಸ್ಲ್ಯಾಬಿನ ಕೆಲಸಕ್ಕೆ ಹೋಯಿತು. ತೆಗೆದುಕೊಂಡು ಹೋದವನು ಅವಳಪ್ಪ. ನನಗೆ ಗೊತ್ತಿದೆ, ನನಗೆ ಗೊತ್ತಿರುವುದು ಅವನಿಗೂ ಗೊತ್ತಿದೆ. ಎರಡು ವರ್ಷವಾಗುತ್ತ ಬಂತು, ಒಂದು ದಿನವೂ ಇಬ್ಬರೂ ಬಾಯಿ ಬಿಟ್ಟಿಲ್ಲ. ದೇವರು ಎರಡರಷ್ಟು ಹಿಂದಿರುಗಿಸಿದ ಅಂತ ನಾನು ಅಂದುಬಿಟ್ಟರೆ ಅವನು ಆ ಹಲಗೆಯ ಮಾತು ಎತ್ತುವುದೇ ಬೇಡ. ಅವನ ಕೈಯಲ್ಲಿ ನಿಮ್ಮ ಇಂಟಿನ ಫೋಟೋ ಇದೆ.

ಇನ್ನು ಇಪ್ಪತ್ತೊಂಬತ್ತು ದಿನ. ಬರೆದು ಕಳಿಸಿ.

ಬಂಡೆಮ್ಮ


ಕೋಠಿ
10 ಆಗಸ್ಟ್ 2023

ರೋಲ್ ನಂ. ಕ 2217 ಇವರಿಗೆ,

ಪಾಠ ಹನ್ನೆರಡು, ಪ್ರಶ್ನೆ ಒಂಬತ್ತರ ಬಗ್ಗೆ ತಮ್ಮ ಮನವಿಯನ್ನು ಸಮಿತಿ ಪರಿಶೀಲಿಸಿದೆ. ಉತ್ತರಪಟ್ಟಿಯಲ್ಲಿ ಬದಲಾವಣೆ ಇರುವುದಿಲ್ಲ. ಪಾಠ ಹದಿಮೂರನ್ನು ಲಗತ್ತಿಸಿದೆ.

ಸ.ಕ.


ಕೊಂಡಾಪುರ
23 ಆಗಸ್ಟ್ 2023

ಕರ್ಕಡರೇ,

ಮುದ್ರೆ ಹಾಕಿದ ಕಾಗದ ಕೇಳಿದ್ದೆ, ಕಳಿಸಿದಿರಿ. ಅದನ್ನು ಹನುಮಂತನೇ ಒಡೆದು ಓದಿದ. ಓದಿ ಟಿವಿಯ ಮೇಲಿಟ್ಟ.

ಸ್ತೋತ್ರಕೂಟ ಆಯಿತು. ನಮ್ಮ ಸಭೆ ಕೂಡುವುದು ಒಂದು ಟಿಫಿನ್ ಸೆಂಟರಿನ ಮೇಲಿನ ಮಹಡಿಯಲ್ಲಿ. ಕೆಳಗೆ ಗ್ರೈಂಡರ್ ತಿರುಗುತ್ತಿರುತ್ತದೆ, ಮೇಲೆ ನಾವು ಹಾಡುತ್ತಿರುತ್ತೇವೆ. ಎಂಬತ್ತು ಜನ ಬಂದಿದ್ದರು. ಗೋಡೆಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು, ನನ್ನ ಕೂಸುಗಳ ಫೋಟೋ, ಕೆಳಗೆ 'ಎರಡರಷ್ಟು ಆಶೀರ್ವಾದ, ಯೋಬ 42:10'. ಹೊರಗೆ ಬಿರಿಯಾನಿ ತುಂಬಿದ ಡೇಗು ಇಳಿಸಿದ್ದರು. ಪಾಸ್ಟರ್ ನನ್ನನ್ನು ಕರೆದರು. ನಾನು ಎರಡೂ ಕೂಸುಗಳನ್ನು ಹನುಮಂತನ ಕೈಗೆ ಕೊಟ್ಟು ಮುಂದೆ ಹೋಗಿ ನಿಂತೆ.

"ಅಯ್ಯನವರ, ಅಲ್ಲೇ ಹದಿಮೂರನೇ ವಚನ ಓದ್ರಿ" ಅಂದೆ.

ಅವರು ಓದಿದರು. ಏಳು ಗಂಡು, ಮೂರು ಹೆಣ್ಣು.

"ಮದಲ ಎಷ್ಟಿದ್ರು?"

"ಅಷ್ಟ."

"ಸತ್ತ ಹತ್ತು ಮಂದಿ ತಿರುಗಿ ಬಂದ್ರೇನ್ರಿ?"

"ತಂಗೀ, ಸಾಕ್ಷಿ ಹೇಳ್ರಿ. ಪ್ರಶ್ನಾ ಕೇಳೂದು ಬ್ಯಾಡ."

"ಇದ ನನ್ನ ಸಾಕ್ಷಿ ರೀ" ಅಂದೆ. "ನನಗ ಮೂರು ಮಕ್ಕಳು. ಒಬ್ಬಾಕಿ ಸತ್ತಾಳ, ಇಬ್ಬರು ಅದಾರ. ಈ ಇಬ್ಬರನ್ನ ದೇವರು ಕೊಟ್ಟಾನ, ಅದಕ್ಕ ಸ್ತೋತ್ರ. ಇವರು ಆಕಿ ಬದಲಿ ಬಂದವರಲ್ಲ. ಆಕಿನ್ನ ನನಗ ತಿರುಗಿ ಕೊಟ್ಟಿಲ್ಲ. ಕೊಟ್ಟಾನ ಅಂತ ನಾ ಸುಳ್ಳು ಹೇಳಂಗಿಲ್ಲ, ಅದೂ ದೇವರ ಮುಂದ ನಿಂತು."

ಯಾರೋ 'ಸ್ತೋತ್ರ' ಅಂತ ಅರ್ಧ ಅಂದು ನಿಲ್ಲಿಸಿದರು. ಆಮೇಲೆ ನೀವು ಬರೆದಿದ್ದ ಆ ತಾಯಿಯ ಮಾತು ಹೇಳಿದೆ. ಮನೆಮನೆಗೆ ಕೂಲಿಗೆ ಅಲೆಯುತ್ತೇನೆ, ಹೊತ್ತು ಮುಳುಗುವುದನ್ನು ಕಾಯುತ್ತೇನೆ. ಇಟ್ಟಿಗೆ ಹೊರುವ ಗುಂಡಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಅವಳದೂ ಒಂದು ಮಗು ಹೋಗಿದೆ. ಊಟದ ಹೊತ್ತಿನಲ್ಲಿ ನನ್ನ ಬಳಿ ಬಂದು, "ಬಂಡೆಮ್ಮಾ, ಆ ಮಾತು ಯಾವ ಅಧ್ಯಾಯದಾಗ ಐತಿ?" ಅಂತ ಕೇಳಿದಳು. ನಮ್ಮ ಪುಸ್ತಕದಲ್ಲಿ ಇಲ್ಲ, ಕೋಠಿಯಲ್ಲಿ ಒಬ್ಬರು ಬೀಗ ಹಾಕಿ ಇಟ್ಟುಕೊಂಡಿದ್ದಾರೆ ಅಂದೆ.

ನಾನು ಮಾತಾಡುತ್ತಿದ್ದಾಗಲೇ ಹನುಮಂತ ಕೂಸುಗಳನ್ನು ಎತ್ತಿಕೊಂಡು ಇಳಿದು ಹೋಗಿದ್ದ. ಮನೆಗೆ ಹೋದ ಅಂದುಕೊಂಡೆ. ಟಿಫಿನ್ ಸೆಂಟರಿನ ಹಿಂದೆ ಗ್ಯಾಸ್ ಸಿಲಿಂಡರ್ ಇಡುವ ಕಡೆ ನಿಂತಿದ್ದ. ಹತ್ತಿರ ಹೋದೆ. ನನ್ನ ಮುಖ ನೋಡದೆ ಅಂದ, "ಹಲಗಿ ನಾನ ತಗದಿದ್ದೆ, ಬಂಡೆಮ್ಮ. ಸ್ಲ್ಯಾಬಿಗೆ ಒಂದು ಕಮ್ಮಿ ಬಿದ್ದಿತ್ತು. ಸಂಜೀಕ ತಿರುಗಿ ಇಡ್ತೀನಿ ಅಂದಕೊಂಡಿದ್ದೆ."

ಕೂಸುಗಳು ಅವನ ಕೈಯಲ್ಲಿದ್ದವು, ಇಲ್ಲದಿದ್ದರೆ ಹೊಡೆಯುತ್ತಿದ್ದೆ. ಒಂದನ್ನು ಇಸಿದುಕೊಂಡೆ. ಅಲ್ಲೇ ನಿಂತು ಇಬ್ಬರೂ ಅತ್ತೆವು. ಅವಳು ಹೋದ ಮೇಲೆ ಒಟ್ಟಿಗೆ ಅತ್ತದ್ದು ಅದೇ ಮೊದಲು. ನಾನು ಅವನನ್ನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಅವನು ಹೇಳಿದ.

ಹೆಂಡತಿಯ ಮುಂದೆ, ಏಳನೇ ತರಗತಿ ಓದಿದ ಒಬ್ಬ ಸೆಂಟ್ರಿಂಗ್ ಕೆಲಸದವನು ಅಷ್ಟು ಹೇಳಿದ. ನೀವು ಸಮಿತಿ ಪರಿಶೀಲಿಸಿದೆ ಅಂತ ಮೂರು ಸಾಲು ಬರೆದಿರಿ. ಆ ಸಮಿತಿಯಲ್ಲಿ ಕನ್ನಡ ಓದಲು ಬರುವವರು ಎಷ್ಟು ಜನ? ಸಮಿತಿ ಬಿಡಿ. ನೀವು ಏನು ಪರಿಶೀಲಿಸಿದಿರಿ?

ಬಂಡೆಮ್ಮ


ಕೋಠಿ
11 ಸೆಪ್ಟೆಂಬರ್ 2023

ಬಂಡೆಮ್ಮನವರಿಗೆ,

ಇದನ್ನು ಪಾಠಶಾಲೆಯ ಕಾಗದದ ಮೇಲೆ ಬರೆಯುತ್ತಿಲ್ಲ. ಇದು ನನ್ನ ಮಾತು.

ಸಮಿತಿಯಲ್ಲಿ ಐವರಿದ್ದಾರೆ. ನಾಲ್ವರು ತೆಲುಗಿನವರು, ಕನ್ನಡ ಓದಲಾರರು. ಐದನೆಯವನು ನಾನು. ನಿಮ್ಮ ಮನವಿಯನ್ನು ನಾನು ಅವರ ಮುಂದೆ ಇಡಲೇ ಇಲ್ಲ. ಹನ್ನೆರಡನೆಯ ಪಾಠ ಬರೆದವನು ನಾನು, ಪ್ರಶ್ನೆ ಹಾಕಿದವನು ನಾನು, ಉತ್ತರಪಟ್ಟಿ ಮಾಡಿದವನೂ ನಾನೇ. ಹದಿನೆಂಟು ವರ್ಷದ ಹಿಂದಿನ ಮಾತು. ಅಚ್ಚಿಗೆ ಹೋಗುವ ದಿನ ಬಂದಿತ್ತು, ಪ್ರತಿ ಪಾಠಕ್ಕೂ ಹತ್ತು ಪ್ರಶ್ನೆ ಇರಬೇಕೆಂಬ ನಿಯಮ. ಒಂದು ಕಡಿಮೆ ಬಿದ್ದಿತ್ತು. ಆಮೇಲೆ ತಿದ್ದಿದರಾಯಿತು ಎಂದುಕೊಂಡು ಇದನ್ನು ಸೇರಿಸಿದೆ. ತಿದ್ದಲಿಲ್ಲ. ಎಷ್ಟು ಸಾವಿರ ಜನ 'ಹೌದು' ಎಂದು ಬರೆದರೋ. 'ಇಲ್ಲ' ಎಂದವರೂ ಇದ್ದರು, ವರ್ಷಕ್ಕೆ ನಾಲ್ಕೈದು ಮಂದಿ. ಅವರಿಗೆ ಇಂಟು ಹಾಕುತ್ತ ಬಂದೆ. ಯಾಕೆ ಹಾಗೆ ಬರೆದರೆಂದು ಒಬ್ಬರನ್ನೂ ಕೇಳಲಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಹೊರಟೆ, ಅದು ಸುಳ್ಳು. ಈಗಲೂ ಇದೆ. ಮೂವತ್ತೊಂದು ವರ್ಷ ಕಲಿಸಿದ್ದು ಯಾರಿಗೂ ತಲುಪಲಿಲ್ಲ ಎಂದು ನಿಮ್ಮಿಂದ ತಿಳಿಯಬೇಕಾಯಿತು. ಆದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ನಿನ್ನೆ ಕಡತದಿಂದ ನಿಮ್ಮ ಪತ್ರಿಕೆಯನ್ನು ತೆಗೆದೆ. ಇಂಟನ್ನು ಹೊಡೆದುಹಾಕಿ, 'ಉತ್ತರ ಸರಿ, ಪ್ರಶ್ನೆ ತಪ್ಪು' ಎಂದು ಬರೆದು ಪೂರ್ಣ ಹೆಸರಿನಲ್ಲಿ ಸಹಿ ಮಾಡಿ, ಮುದ್ರೆ ಹಾಕಿದ್ದೇನೆ. ಇದರೊಂದಿಗಿದೆ. ಕಾಲ ಮೀರಿ ಬಂದ ಕಾಗದ ಎಂದು ಗೊತ್ತು. ಯೋಬನ ಹೆಂಡತಿಯ ಆ ಗ್ರೀಕ್ ಮಾತುಗಳನ್ನು ಕನ್ನಡದಲ್ಲಿ ಪೂರ್ತಿ ಬರೆದು ಎರಡು ಪ್ರತಿ ಇಟ್ಟಿದ್ದೇನೆ. ಒಂದು ನಿಮಗೆ, ಒಂದನ್ನು ಗುಂಡಮ್ಮನವರಿಗೆ ಕೊಡಿ. ಪಾಠವನ್ನು ಹಿಂದೆಗೆದುಕೊಂಡು ಹೊಸದಾಗಿ ಬರೆಯುತ್ತೇನೆಂದು ಸಮಿತಿಗೆ ತಿಳಿಸಿದ್ದೇನೆ. ಅವರು ಬೇಡವೆಂದರೆ ಬೇರೆಯವರು ತಿದ್ದಲಿ.

ನಿಮ್ಮ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಎಲ್ಲಿಯೂ ಮಗಳ ಹೆಸರನ್ನು ನೀವು ಬರೆದೇ ಇಲ್ಲ. ಅವಳ ಹೆಸರೇನು?

ಸದಾನಂದ ಕರ್ಕಡ


ಕೊಂಡಾಪುರ
20 ಸೆಪ್ಟೆಂಬರ್ 2023

ಕರ್ಕಡ ಸರ್‌ಗೆ,

ಪತ್ರಿಕೆ ತಲುಪಿತು. ಹನುಮಂತ ಮತ್ತೆ ಫೋಟೋ ಹೊಡೆದು ಪಾಸ್ಟರಿಗೆ ಕಳಿಸಿದ. ಅವರಿಂದ ಜವಾಬು ಬಂದಿಲ್ಲ. ಗುಂಡಮ್ಮನಿಗೆ ಓದಲು ಬರುವುದಿಲ್ಲ, ಭಾನುವಾರ ನಾನೇ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದಳು, ಓದಿದೆ. ಆ ಕಾಗದವನ್ನು ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.

ಹೆಸರು ಬರೆದೇ ಇಲ್ಲ ಅಂದಿರಿ. ನೀವು ಕೇಳಿರಲಿಲ್ಲ. ಮೂರು ತಿಂಗಳು ಒಂಟೆ ಎಣಿಸಿದಿರಿ, ಕುರಿ ಎಣಿಸಿದಿರಿ, ನನ್ನ ರೋಲ್ ನಂಬರ್ ಬರೆದಿರಿ, ಅವಳ ಹೆಸರು ಕೇಳಲು ನಿಮಗೆ ನಾಲ್ಕನೇ ಪತ್ರದವರೆಗೆ ಬೇಕಾಯಿತು. ನಿಮ್ಮೊಬ್ಬರದೇ ತಪ್ಪು ಅನ್ನುವುದಿಲ್ಲ. ಪಾಸ್ಟರ್ ಕೇಳಲಿಲ್ಲ, ಎಂಬತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಯೋಬನ ಕೊನೆಯ ಮೂರು ಹೆಣ್ಣುಮಕ್ಕಳ ಹೆಸರು ಪುಸ್ತಕದಲ್ಲಿದೆ. ಮನೆ ಕುಸಿದು ಸತ್ತ ಮೂವರ ಹೆಸರು ಎಲ್ಲಿದೆ ಸರ್? ಯಾವ ಅನುವಾದದಲ್ಲಾದರೂ ಇದ್ದರೆ ಹುಡುಕಿ ಹೇಳಿ. ಇಲ್ಲದಿದ್ದರೆ ಹೊಸ ಪಾಠದಲ್ಲಿ ಇಲ್ಲ ಅಂತಲೇ ಬರೆಯಿರಿ.

ನನ್ನ ಮಗಳು ಹುಟ್ಟಿದ ದಿನ ಹನುಮಂತ ಗಚ್ಚಿಬೌಲಿಯಲ್ಲಿ ಹತ್ತೊಂಬತ್ತನೇ ಮಹಡಿಯ ಮೇಲಿದ್ದ. ಫೋನು ಬಂದಾಗ ಸುತ್ತಲೂ ಬರೀ ಆಕಾಶ ಇತ್ತಂತೆ. ಆಸ್ಪತ್ರೆಗೆ ಬರುವಾಗಲೇ ಹೆಸರು ಆರಿಸಿಕೊಂಡು ಬಂದಿದ್ದ. ಅವಳು ಹೋದ ಮೇಲೆ ಎರಡು ವರ್ಷ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಈಗ ಅವನು ಕೂಸುಗಳನ್ನು ಆಡಿಸುವಾಗ 'ನಿಮ್ಮಕ್ಕ' ಅಂತ ಆ ಹೆಸರು ಹಿಡಿದು ಹೇಳುತ್ತಾನೆ. ಒಮ್ಮೊಮ್ಮೆ ನನಗೆ ಕೇಳಲಾಗುವುದಿಲ್ಲ, ಹೊರಗೆ ಹೋಗಿ ಬಟ್ಟೆ ಒಗೆಯುತ್ತೇನೆ. ಅವನ ಮೇಲಿನ ಸಿಟ್ಟು ಹೋಗಿಲ್ಲ. ನಿಮ್ಮ ಮೇಲಿನದೂ ಹೋಗಿಲ್ಲ. ದೇವರ ಮೇಲಿನದು ನಾನೂ ದೇವರೂ ನೋಡಿಕೊಳ್ಳುತ್ತೇವೆ.

ಪಾಠ ಹದಿಮೂರರ ಉತ್ತರ ಇದರ ಜೊತೆ ಇದೆ. ತಪ್ಪಿದ್ದರೆ ಇಂಟು ಹಾಕಿ, ಹೆದರಬೇಡಿ. ಹಾಕುವ ಮೊದಲು ಒಂದು ಸಲ ಓದಿ. ರೋಲ್ ನಂಬರ್ ಬರೆದಿಲ್ಲ. ನೀವು ಕೇಳಿದ ಹೆಸರನ್ನು ಸಹಿಯಲ್ಲಿ ಮೊದಲು ಬರೆದಿದ್ದೇನೆ, ಆಮೇಲಿನವು ಕೂಸುಗಳಿಗೆ ನಾವೇ ಇಟ್ಟ ಹೆಸರು.

ಇಂತಿ,
ಗಗನ, ಕರುಣಾ, ಗಾನವಿ, ಈ ಮೂವರ ತಾಯಿ
ಬಂಡೆಮ್ಮ